ಬದಲಿ ಸಿಗದ ಕಾಗದ ಮೊದಲು: ಹಳೆಯ ಮನೆತನದ ದಾಖಲೆ ಉಳಿಸಲು ಯಾವ ದಾರಿ ಸರಿ?

ಹಳೆಯ ಮನೆತನಗಳಲ್ಲಿ ಜಮೀನಿನ ಕ್ರಯಪತ್ರ ಬ್ಯಾಂಕ್ ಲಾಕರಿನಲ್ಲಿರುತ್ತದೆ. ಮುತ್ತಜ್ಜನ ಜಮಾಖರ್ಚಿನ ಪುಸ್ತಕ, ಮದುವೆಯ ಮುಯ್ಯಿ ಪಟ್ಟಿ, ಹೆಣ್ಣುಮಕ್ಕಳು ಗಂಡನ ಮನೆಯಿಂದ ತವರಿಗೆ ಬರೆದ ಕಾರ್ಡುಗಳು ಅಟ್ಟದ ಮೇಲೆ ಇಲಿ ಹಿಕ್ಕೆಯ ನಡುವೆ ಬಿದ್ದಿರುತ್ತವೆ. ಇದು ತಲೆಕೆಳಗಾದ ಲೆಕ್ಕ. ನೋಂದಣಿಯಾದ ಪತ್ರ ಕಳೆದುಹೋದರೆ ಉಪನೋಂದಣಾಧಿಕಾರಿಯ ಕಚೇರಿಯಿಂದ ದೃಢೀಕೃತ ನಕಲು ಪಡೆಯಬಹುದು. ಆ ಕಾರ್ಡಿಗೆ, ಆ ಲೆಕ್ಕದ ಪುಸ್ತಕಕ್ಕೆ ಎಲ್ಲೂ ಎರಡನೇ ಪ್ರತಿ ಇಲ್ಲ. ಹಾಗಾಗಿ ಪೆಟ್ಟಿಗೆ, ಕವರು, ಸ್ಕ್ಯಾನು, ದಾನ ಯಾವುದನ್ನು ಆರಿಸುವ ಮೊದಲೂ ಪ್ರತಿ ಕಾಗದವನ್ನು ಕೈಲಿ ಹಿಡಿದು ಕೇಳಬೇಕಾದ ಪ್ರಶ್ನೆ ಇದು: ಇದು ಹೋದರೆ ಮತ್ತೆ ಸಿಕ್ಕೀತೇ?

ಕ್ರಯಪತ್ರಗಳಲ್ಲೂ ಎಲ್ಲಕ್ಕೂ ನಕಲು ಸಿಗುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಲ್ಲಿ 100 ರೂಪಾಯಿಗಿಂತ ಕಡಿಮೆ ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯವಲ್ಲ. ಒಂದು ಕಾಲಕ್ಕೆ ಎಷ್ಟೋ ಗದ್ದೆ ಹಿತ್ತಿಲುಗಳು ಆ ಬೆಲೆಯೊಳಗೇ ಕೈ ಬದಲಾಗಿವೆ. ಪತ್ರದ ಹಿಂಬದಿ ನೋಡಿ: ನೋಂದಣಿ ನಂಬರು, ಸಂಪುಟ, ಪುಟಸಂಖ್ಯೆಯ ಷರಾ ಇದ್ದರೆ ನಕಲು ಕೇಳಲು ದಾರಿಯಿದೆ. ಷರಾ ಇಲ್ಲದ ಪತ್ರ, ಮನೆಯವರೇ ಕೂತು ಬರೆದುಕೊಂಡ ಪಾಲುಪಟ್ಟಿ, ಸಾಲದ ಚೀಟಿ ಇವೆಲ್ಲ ಒಂಟಿ ಪ್ರತಿಗಳು. ಕಾರ್ಡುಗಳ ಜೊತೆಗೇ ಮೊದಲ ಸಾಲಿಗೆ ಸೇರಬೇಕು.

ಪತ್ರವ್ಯವಹಾರದ ಕಟ್ಟನ್ನು ಹಗುರವಾಗಿ ಕಾಣಬೇಡಿ. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಶೃಂಗೇರಿ ಮಠದಲ್ಲಿ ಟಿಪ್ಪು ಸುಲ್ತಾನನ ಕನ್ನಡ ಪತ್ರಗಳ ಕಟ್ಟನ್ನು ಕಂಡರು. ಹಳೆಯ ಓಲೆಗಳನ್ನು ಮಠ ಎಸೆಯದೆ ಇಟ್ಟುಕೊಂಡಿತ್ತು, ಅಷ್ಟೇ. ಆ ಕಾಲದ ಚರಿತ್ರೆ ಬರೆಯುವವರು ಇಂದಿಗೂ ಆ ಕಟ್ಟಿಗೆ ಮರಳುತ್ತಾರೆ.

ಕಟ್ಟು ಬಿಚ್ಚುವ ಮುನ್ನ

ಕಟ್ಟಿದ್ದ ಕ್ರಮವೇ ಒಂದು ದಾಖಲೆ. ಯಾವ ಪತ್ರದ ಪಕ್ಕ ಯಾವುದಿತ್ತು ಎಂಬುದರಿಂದ ತಾರೀಖಿಲ್ಲದ ಕಾಗದಕ್ಕೂ ಕಾಲ ಸಿಗುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಕಟ್ಟಿನ ಫೋಟೋ ತೆಗೆದು, ಅದಕ್ಕೊಂದು ನಂಬರು ಕೊಡಿ. ‘ಕಾಗದಗಳೆಲ್ಲ ಒಂದು ಕಡೆ, ಫೋಟೋಗಳೆಲ್ಲ ಒಂದು ಕಡೆ’ ಎಂದು ಮೊದಲ ದಿನವೇ ಬೇರ್ಪಡಿಸಬೇಡಿ.

ಕಾಲ ಗುರುತಿಸಲು ಕೆಲವು ಸುಳುಹುಗಳಿವೆ. ಶಾಲಿವಾಹನ ಶಕಕ್ಕೆ 78 ಕೂಡಿಸಿ, ಕಂದಾಯ ಲೆಕ್ಕದ ಫಸಲಿ ವರ್ಷಕ್ಕೆ 590 ಕೂಡಿಸಿ. ಒಂದು ವರ್ಷ ಆಚೀಚೆ ಇಸವಿ ಸಿಗುತ್ತದೆ. ಸಂವತ್ಸರದ ಹೆಸರೊಂದೇ ಇದ್ದರೆ ಸಾಲದು, ಅದು 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ ಎಂದರೆ 1867ರಲ್ಲಿ ಶುರುವಾದದ್ದೂ ಆಗಬಹುದು, 1927ರದ್ದೂ ಆಗಬಹುದು. ಆಗ ಛಾಪಾ ಕಾಗದದ ಮೇಲಿನ ಮುಖ ನೋಡಿ: ವಿಕ್ಟೋರಿಯಾ ಆಳಿದ್ದು 1901ರವರೆಗೆ, ಏಳನೇ ಎಡ್ವರ್ಡ್ 1910ರವರೆಗೆ, ಐದನೇ ಜಾರ್ಜ್ 1936ರವರೆಗೆ. ಹಳೆಯ ದಾಸ್ತಾನು ಮುಗಿಯುವವರೆಗೆ ಬಳಕೆಯಲ್ಲಿರುತ್ತಿದ್ದುದರಿಂದ ಇದು ‘ಇದಕ್ಕಿಂತ ಹಿಂದಿನದಲ್ಲ’ ಎಂಬ ಗಡಿ ಮಾತ್ರ ಕೊಡುತ್ತದೆ. ಅಂಚೆ ಕಾರ್ಡು ಭಾರತಕ್ಕೆ ಬಂದದ್ದು 1879ರಲ್ಲಿ. ವಿಳಾಸದಲ್ಲಿ ಆರಂಕಿಯ ಪಿನ್ ಇದ್ದರೆ ಆಗಸ್ಟ್ 1972ರ ನಂತರದ್ದು.

ಲ್ಯಾಮಿನೇಷನ್, ಪ್ಲಾಸ್ಟಿಕ್ ಕವರು, ಪಾಲಿಯೆಸ್ಟರ್ ಹಾಳೆ, ಕಾಗದದ ಫೋಲ್ಡರು

ಮನೆತನದ ಕಾಗದಕ್ಕೆ ಗೆದ್ದಲಿಗಿಂತ ಹೆಚ್ಚು ಹೆದರಬೇಕಾದದ್ದು ಲ್ಯಾಮಿನೇಷನ್ನಿಗೆ. ಜೆರಾಕ್ಸ್ ಅಂಗಡಿಯ ಯಂತ್ರ 100 ಡಿಗ್ರಿಗೂ ಹೆಚ್ಚು ಬಿಸಿಯಲ್ಲಿ ಪ್ಲಾಸ್ಟಿಕ್ಕಿನ ಅಂಟುಪದರವನ್ನು ಕರಗಿಸಿ ಕಾಗದದ ನಾರಿನೊಳಕ್ಕೆ ಇಳಿಸುತ್ತದೆ. ಅದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಕಾಗದದೊಳಗಿನ ಆಮ್ಲ ಒಳಗೇ ಉಳಿದು ತನ್ನ ಕೆಲಸ ಮುಂದುವರಿಸುತ್ತದೆ. ಅಂಚು ಬಿಟ್ಟುಕೊಂಡಲ್ಲಿ ತೇವ ಹೊಕ್ಕು ಒಳಗೇ ಬೂಷ್ಟು ಕಟ್ಟುತ್ತದೆ. ಸಹಿಯ ಒತ್ತು, ಉಬ್ಬು ಮುದ್ರೆ, ಶಾಯಿ ಇವುಗಳ ಪರೀಕ್ಷೆಯೂ ಕಷ್ಟವಾಗುವುದರಿಂದ ನ್ಯಾಯಾಲಯಕ್ಕೆ ಬೇಕಾಗಬಹುದಾದ ಪತ್ರಕ್ಕೆ ಇದು ಎರಡು ಪಟ್ಟು ನಷ್ಟ. ಈಗಾಗಲೇ ಆಗಿಹೋಗಿದ್ದರೆ ಕೀಳಲು ಹೋಗಬೇಡಿ. ಚೆನ್ನಾಗಿ ಸ್ಕ್ಯಾನ್ ಮಾಡಿ, ಹಾಗೇ ಇಡಿ.

ಅಂಗಡಿಯ ಮೆದುವಾದ ಪಿವಿಸಿ ಕವರು ಮೊದಮೊದಲು ಚೆನ್ನಾಗಿ ಕಾಣುತ್ತದೆ. ಅದನ್ನು ಮೆತ್ತಗಾಗಿಸಲು ಬೆರೆಸಿದ ಎಣ್ಣೆಯಂಥ ವಸ್ತು ಕಾಲಕ್ರಮದಲ್ಲಿ ಹೊರಗೆ ಜಿನುಗಿ ಟೈಪಿನ ಅಕ್ಷರ, ಜೆರಾಕ್ಸಿನ ಕಪ್ಪನ್ನು ಕವರಿಗೇ ಅಂಟಿಸಿಕೊಳ್ಳುತ್ತದೆ. ಗುರುತು ಹಿಡಿಯುವುದು ಸುಲಭ: ಹೊಸ ಮಳೆಯಂಗಿಯ ವಾಸನೆ ಬಂದರೆ ಅದು ಪಿವಿಸಿ. ತ್ರಿಕೋನದೊಳಗೆ 5 ಎಂದು ಬರೆದ ಪಾಲಿಪ್ರೊಪಿಲೀನ್ ಕವರು ಅದಕ್ಕಿಂತ ಎಷ್ಟೋ ಮೇಲು, ಬೆಲೆಯೂ ಕಡಿಮೆ.

ಮನೆಮಂದಿ ಆಗಾಗ ತೆಗೆದು ನೋಡುವ ಬಿಡಿ ಹಾಳೆಗೆ ಒಳ್ಳೆಯ ಆಯ್ಕೆ 75ರಿಂದ 100 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಯೆಸ್ಟರ್ ಹಾಳೆ. ಎರಡು ಹಾಳೆಗಳ ನಡುವೆ ಕಾಗದವಿಟ್ಟು ಪ್ಲಾಸ್ಟಿಕ್ಕಿನ ಅಂಚನ್ನಷ್ಟೇ ಎರಡು ಬದಿಯ ಟೇಪಿನಿಂದ ಮುಚ್ಚಬೇಕು; ಟೇಪಿಗೂ ಕಾಗದಕ್ಕೂ ಕನಿಷ್ಠ 3 ಮಿಲಿಮೀಟರ್ ಅಂತರವಿರಲಿ. ನಾಲ್ಕೂ ಬದಿ ಮುಚ್ಚಬೇಡಿ, ಎರಡು ಬದಿ ಸಾಕು. ಹಳದಿಯಾದ, ಗರಗರ ಎನ್ನುವ ಕಾಗದವಾದರೆ ಹಿಂದೆ ಕ್ಷಾರೀಯವಾದ ಆಮ್ಲರಹಿತ ಹಾಳೆಯೊಂದನ್ನು ಇಡಿ, ಇಲ್ಲದಿದ್ದರೆ ಮುಚ್ಚಿದ ಜಾಗದಲ್ಲಿ ಆಮ್ಲದ ಕೆಲಸ ಚುರುಕಾಗುತ್ತದೆ. ಒಂದು ಕಟ್ಟುನಿಟ್ಟಿನ ಎಚ್ಚರಿಕೆ: ಪಾಲಿಯೆಸ್ಟರಿಗೆ ಸ್ಥಿರವಿದ್ಯುತ್ತಿನ ಸೆಳೆತವಿದೆ. ಪೆನ್ಸಿಲು, ಬಳಪ, ಉದುರುವ ಬಣ್ಣದ ಬರಹ ಅದಕ್ಕೇ ಮೆತ್ತಿಕೊಳ್ಳುತ್ತದೆ.

ನೂರಾರು ಪತ್ರಗಳ ಕಟ್ಟಿಗೆ ಇದೆಲ್ಲ ದುಬಾರಿ, ಬೇಕಾಗಿಯೂ ಇಲ್ಲ. ಆಮ್ಲರಹಿತ ಕಾಗದದ ಫೋಲ್ಡರಿನಲ್ಲಿ 20–25 ಹಾಳೆ, ಅಂಥ ಫೋಲ್ಡರುಗಳು ಪೆಟ್ಟಿಗೆಯಲ್ಲಿ ಮಲಗಿರಲಿ. ಆಮ್ಲರಹಿತ ಕಾಗದ ಸಿಗದಿದ್ದರೆ ಗಂಜಿ ಹೋಗುವಂತೆ ಎರಡು ಸಲ ಒಗೆದು ಪೂರ್ತಿ ಒಣಗಿಸಿದ, ಬಣ್ಣ ಹಾಕದ ಹತ್ತಿಬಟ್ಟೆ ಸಾಕು. ಬಸ್ತದ, ಅಂದರೆ ದಾಖಲೆ ಸುತ್ತಿಡುವ, ಕೆಂಪು ಬಟ್ಟೆ ರೂಢಿಯದೇ ಆದರೂ ಒದ್ದೆಯಾದರೆ ಬಣ್ಣ ಬಿಟ್ಟು ಓಲೆ, ಕಾಗದಗಳನ್ನೆಲ್ಲ ಕೆಂಪಾಗಿಸುತ್ತದೆ. ಬಳಸುವುದಾದರೆ ಮೊದಲು ನೀರಲ್ಲಿ ನೆನೆಸಿ ಪರೀಕ್ಷಿಸಿ. ಸುದ್ದಿಪತ್ರಿಕೆಯಲ್ಲಂತೂ ಸುತ್ತಬೇಡಿ.

ಗುಂಡುಪಿನ್ನು, ಸ್ಟೇಪಲ್, ರಬ್ಬರ್ ಬ್ಯಾಂಡ್ ತೆಗೆಯಿರಿ. ತುಕ್ಕು ಹಿಡಿದ ಪಿನ್ನನ್ನು ಎಳೆದರೆ ಸುತ್ತಲ ಕಾಗದವೂ ಬರುತ್ತದೆ, ಅದಕ್ಕೆ ತೆಳು ಪ್ಲಾಸ್ಟಿಕ್ ಚೂರನ್ನು ಕೆಳಗೆ ತೂರಿಸಿ ನಿಧಾನಕ್ಕೆ ಸಡಿಲಿಸಿ. ಹರಿದಲ್ಲಿ ಸೆಲೋಟೇಪು, ಫೆವಿಕಾಲ್ ಎರಡೂ ಬೇಡ. ಹರಿದ ಚೂರುಗಳನ್ನು ಅದೇ ಫೋಲ್ಡರಿನಲ್ಲಿ ಇಟ್ಟರೆ ಮುಂದೊಂದು ದಿನ ಸಂರಕ್ಷಕರು ತೆಳು ಟಿಶ್ಯೂ ಕಾಗದ ಮತ್ತು ಗೋಧಿಗಂಜಿಯಿಂದ ಸೇರಿಸಬಲ್ಲರು. ಫೆವಿಕಾಲ್ ಹಚ್ಚಿದ್ದನ್ನು ಅವರೂ ಬಿಡಿಸಲಾರರು. ಅಕ್ಷರ ಇದ್ದಲ್ಲೇ ಕಾಗದ ಕಂದಾಗಿ ತೂತಾಗಿದ್ದರೆ ಅದು ಅನ್ನಭೇದಿ (ಕಬ್ಬಿಣದ ಲವಣ) ಹಾಕಿ ಕಾಸಿದ ಶಾಯಿಯ ಕೆಲಸ. ಅಂಥ ಪುಟ ತೇವ ಕಂಡರೆ ಇನ್ನೂ ಬೇಗ ತಿಂದುಹೋಗುತ್ತದೆ. ದೀಪದ ಕಾಡಿಗೆಯ ಮಸಿಗೆ ಆ ದೋಷವಿಲ್ಲ.

ಕಡತ ಮತ್ತು ಓಲೆಗರಿ: ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ

ಕಡತ ಎಂದರೆ ಇದ್ದಿಲ ಪುಡಿ, ಹುಣಸೆಬೀಜದ ಅಂಟು ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿಸಿ ಬಳಪದಿಂದ ಬರೆದದ್ದು. ಲೆಕ್ಕ ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ಸಾಧನ ಅದು, ಒದ್ದೆ ಬಟ್ಟೆಯ ಒಂದು ಒರೆಸಿಗೆ ಎರಡು ಶತಮಾನದ ಲೆಕ್ಕ ಹೋಗುತ್ತದೆ. ಒರೆಸಬಾರದು, ಎಣ್ಣೆ ಸೋಕಿಸಬಾರದು, ಪಾಲಿಯೆಸ್ಟರಿನಲ್ಲಿ ಇಡಬಾರದು. ಮಡಿಕೆಗಳ ನಡುವೆ ನುಣುಪಾದ ಆಮ್ಲರಹಿತ ತೆಳುಹಾಳೆ, ಮೇಲೆ ಭಾರವಿಲ್ಲದ ಪೆಟ್ಟಿಗೆ ಸಾಕು. ಮನೆಯಲ್ಲಿ ಏನೇ ಇದ್ದರೂ ಮೊದಲು ಫೋಟೋ ತೆಗೆಯಬೇಕಾದದ್ದು ಇದನ್ನೇ.

ಕಂಟದಿಂದ ಕೊರೆದ ಓಲೆಗರಿಯ ಸ್ವಭಾವ ಬೇರೆ. ಅಕ್ಷರ ಗರಿಯ ಮೈಯಲ್ಲೇ ಕೆತ್ತಿರುವುದರಿಂದ ಮೇಲಿನ ಮಸಿ ಹೋದರೂ ಬರಹ ಉಳಿದಿರುತ್ತದೆ. ಒಣಗಿ ಸೆಟೆದ ಗರಿಗೆ ನಿಂಬೆಹುಲ್ಲಿನ ಎಣ್ಣೆ ಅಥವಾ ಸಿಟ್ರೊನೆಲ್ಲಾ ಎಣ್ಣೆಯನ್ನು ಹತ್ತಿಯಿಂದ ತೆಳುವಾಗಿ ಸವರುವುದು ಹಸ್ತಪ್ರತಿ ಭಂಡಾರಗಳ ರೂಢಿ. ಇದರಿಂದ ಗರಿ ಬಾಗುತ್ತದೆ, ಹುಳು ದೂರವಿರುತ್ತದೆ. ಹೆಚ್ಚು ಹಚ್ಚಿದರೆ ಧೂಳು ಹಿಡಿದು ಗರಿಗಳು ಒಂದಕ್ಕೊಂದು ಅಂಟುತ್ತವೆ. ಕೊರೆಯದೆ ಲೇಖನಿಯಿಂದ ಮಸಿಯಲ್ಲಿ ಬರೆದ ಗರಿಗೆ ಎಣ್ಣೆ ಬೇಡ. ಭೂತಗನ್ನಡಿಯಲ್ಲಿ ಗೀರು ಕಂಡರೆ ಮಾತ್ರ ಸವರಿ. ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಬಿಡಿಸಬೇಡಿ, ಅದು ಪರಿಣತರ ಕೆಲಸ. ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದರೆ ತೂತಿನಿಂದಲೇ ಗರಿ ಸೀಳುತ್ತದೆ.

ಬಜೆ, ಬೇವು, ಕರ್ಪೂರಗಳ ಪರಂಪರೆಯನ್ನು ನಾವು ತಳ್ಳಿಹಾಕುವುದಿಲ್ಲ. ಬಜೆಯ ಪುಡಿ ಬಟ್ಟೆಯ ಗಂಟಿನಲ್ಲಿ ಇರಲಿ, ಕಾಗದಕ್ಕೆ ನೇರ ತಾಗದಿರಲಿ. ಅರೆ ಒಣಗಿದ ಬೇವಿನ ಸೊಪ್ಪು ಮಾತ್ರ ತಾನೇ ತೇವ ಬಿಟ್ಟು ಬೂಷ್ಟಿಗೆ ದಾರಿಯಾಗುತ್ತದೆ. ನುಸಿಗುಳಿಗೆ ಬೇಡ: ಮುಚ್ಚಿದ ಕೋಣೆಯಲ್ಲಿ ಅದರ ಆವಿ ಮನುಷ್ಯರಿಗೆ ಕೆಟ್ಟದ್ದು. ಹುಳು ನಿಜವಾಗಿಯೂ ಹಿಡಿದ ಒಣ ಕಾಗದದ ಕಟ್ಟಿಗೆ ಫ್ರೀಜರೇ ಒಳ್ಳೆಯದು. ದಪ್ಪ ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಮುಚ್ಚಿ, ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಹೊರಗಿನ ತೇವ ತಣ್ಣನೆಯ ಕಾಗದದ ಮೇಲೆ ಹನಿಗಟ್ಟುತ್ತದೆ. ಅರಗು ಮುದ್ರೆ, ಗಾಜಿನ ನೆಗೆಟಿವ್ ಇದ್ದರೆ ಈ ದಾರಿ ಬೇಡ.

ಟ್ರಂಕು, ಬೀರು, ಲಾಕರು

ಗಾಳಿಯ ತೇವ ಶೇ. 65 ದಾಟಿ ನಿಂತರೆ ಬೂಷ್ಟು ಬರುತ್ತದೆ. ಕರಾವಳಿ, ಮಲೆನಾಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಶೇ. 85 ಮೀರುವುದು ಸಾಮಾನ್ಯ. ರಾಯಚೂರು, ಕಲಬುರಗಿಯ ಏಪ್ರಿಲ್ಲಿನಲ್ಲಿ ತೊಂದರೆ ತಿರುವುಮುರುವು: ತೀರ ಒಣಗಿ ಗರಿ ಸೀಳುತ್ತದೆ, ಕಾಗದದ ಮಡಿಕೆ ಮುರಿಯುತ್ತದೆ. ಆದ್ದರಿಂದ ಒಂದೇ ಪೆಟ್ಟಿಗೆ ಎಲ್ಲ ಊರಿಗೂ ಸರಿಹೋಗದು.

ತಗಡಿನ ಟ್ರಂಕು ಇಲಿ, ಗೆದ್ದಲಿಗೆ ಗಟ್ಟಿ. ಆದರೆ ಮಳೆಗಾಲದ ರಾತ್ರಿ ತಣ್ಣಗಾದ ತಗಡಿನ ಒಳಮೈಗೆ ನೀರು ಹನಿಗಟ್ಟುತ್ತದೆ, ಮುಚ್ಚಳವೂ ಬಿಗಿಯಿರುವುದಿಲ್ಲ. ಒಣ ಸೀಮೆಗೆ ಇದೇ ಸಾಕು. ಕರಾವಳಿಗೆ ರಬ್ಬರು ಅಂಚಿನ ಮುಚ್ಚಳವಿರುವ ಪಾಲಿಪ್ರೊಪಿಲೀನ್ ಡಬ್ಬ ಮೇಲು, ಕಾಗದ ಚೆನ್ನಾಗಿ ಒಣಗಿರುವ ಜನವರಿ–ಮಾರ್ಚಿನಲ್ಲೇ ಮುಚ್ಚಬೇಕೆಂಬ ಷರತ್ತಿನ ಮೇಲೆ. ಮಳೆಗಾಲದಲ್ಲಿ ಮುಚ್ಚಿದರೆ ತೇವವನ್ನೇ ಒಳಗೆ ಬೀಗ ಹಾಕಿದಂತೆ. 50 ಲೀಟರಿನ ಡಬ್ಬಕ್ಕೆ ಕಾಲು ಕಿಲೋದಷ್ಟು ಸಿಲಿಕಾ ಜೆಲ್ ಬಟ್ಟೆಯ ಚೀಲದಲ್ಲಿ ಇಡಿ. ಕಿತ್ತಳೆ ಬಣ್ಣದ್ದನ್ನೇ ಕೊಳ್ಳಿ; ನೀಲಿಯದರಲ್ಲಿ ಕೋಬಾಲ್ಟ್ ಲವಣವಿರುತ್ತದೆ. ಬಣ್ಣ ಬದಲಾದಾಗ 120 ಡಿಗ್ರಿಯ ಓವನ್ನಿನಲ್ಲಿ ಎರಡು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು.

ಉಕ್ಕಿನ ಬೀರುವನ್ನು ಹೊರಗೋಡೆಗೆ ತಾಗಿಸದೆ ಒಂದು ಗೇಣು ಬಿಟ್ಟು ನಿಲ್ಲಿಸಿ, ಕೆಳಗಿನ ಅರೆಯಲ್ಲಿ ಕಾಗದ ಇಡಬೇಡಿ. ತೇವಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಸರಿಯಿದೆಯೇ ನೋಡಲು ಬಾಟಲಿ ಮುಚ್ಚಳದಲ್ಲಿ ಉಪ್ಪಿಗೆ ಕೆಲವು ಹನಿ ನೀರು ಹಾಕಿ, ಮಾಪಕದ ಜೊತೆ ಬಿಗಿ ಚೀಲದಲ್ಲಿ ಒಂದು ರಾತ್ರಿ ಇಡಿ; ಬೆಳಿಗ್ಗೆ ಶೇ. 75ರ ಆಸುಪಾಸು ತೋರಿಸಬೇಕು.

ಲಾಕರು ಕಳ್ಳತನಕ್ಕೆ ಸರಿ, ಆದರೆ ಅಲ್ಲಿನ ತೇವ ನಿಮ್ಮ ಕೈಯಲ್ಲಿಲ್ಲ. ವರ್ಷಗಟ್ಟಲೆ ತೆರೆಯದ ಲಾಕರಿನಲ್ಲಿ ಏನಾಗುತ್ತಿದೆ ಎಂದು ಯಾರೂ ನೋಡಿರುವುದಿಲ್ಲ. ನವರಾತ್ರಿಯ ಸರಸ್ವತಿ ಪೂಜೆಗೆ ಪುಸ್ತಕ ಹೊರತೆಗೆಯುವ ರೂಢಿ ಮಳೆಗಾಲ ಮುಗಿದ ಹೊತ್ತಿಗೇ ಬರುತ್ತದೆ. ವರ್ಷದ ತಪಾಸಣೆಗೆ ಅದಕ್ಕಿಂತ ಒಳ್ಳೆಯ ದಿನ ಹುಡುಕಬೇಕಿಲ್ಲ. ಬೂಷ್ಟು ಕಂಡರೆ ಹಸಿಯಿದ್ದಾಗ ಒರೆಸಬೇಡಿ. ಬೇರೆ ಇಟ್ಟು, ನೆರಳಲ್ಲಿ ಗಾಳಿಗೆ ಪೂರ್ತಿ ಒಣಗಿಸಿ, ಎನ್-95 ಮಾಸ್ಕ್ ಹಾಕಿಕೊಂಡು ಹೊರಗೆ ಮೃದು ಬ್ರಶ್ಶಿನಿಂದ ತೆಗೆಯಿರಿ.

ಮೊಬೈಲು, ಸ್ಕ್ಯಾನರು, ಅಂಗಡಿ

12 ಮೆಗಾಪಿಕ್ಸೆಲ್ ಫೋನಿನ ಚಿತ್ರ ಉದ್ದಕ್ಕೆ 4000 ಬಿಂದು. ಎ4 ಹಾಳೆ ಚೌಕಟ್ಟು ತುಂಬಿದರೆ ಇಂಚಿಗೆ ಸುಮಾರು 340 ಬಿಂದು ಬರುತ್ತದೆ. ಪತ್ರಕ್ಕೆ 300 ಸಾಕು, ಅಂದರೆ ಫೋನೇ ಸಾಕು. ಕೆಡುವುದು ಬೇರೆ ಕಡೆ: ಸ್ಕ್ಯಾನ್ ಆಪ್‌ಗಳು ‘ಸ್ವಚ್ಛ’ ಮಾಡುವ ಭರದಲ್ಲಿ ಪೆನ್ಸಿಲ್ ಟಿಪ್ಪಣಿ, ಮಾಸಿದ ಮೊಹರನ್ನು ಅಳಿಸಿಬಿಡುತ್ತವೆ, ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ವಿವರ ಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಬೇಕು. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಎರಡು ಬದಿಯಿಂದ ಬೆಳಕು ಬಿಡಿ, ಫ್ಲ್ಯಾಶ್ ಬೇಡ, ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಓಲೆಗರಿಗೆ ಮಾತ್ರ ಒಂದೇ ಬದಿಯಿಂದ ಓರೆ ಬೆಳಕು, ಗೀರಿನ ನೆರಳಲ್ಲೇ ಅಕ್ಷರ ಏಳುತ್ತದೆ.

ಫೋಟೋಗಳಿಗೆ ಮಾತ್ರ ಚಪ್ಪಟೆ ಸ್ಕ್ಯಾನರಿನಲ್ಲಿ 600 ಬಿಂದು ಬೇಕು. ಹೊಲಿದ ಪುಸ್ತಕವನ್ನು ಅದರ ಮೇಲೆ ಒತ್ತಿದರೆ ಬೆನ್ನು ಮುರಿಯುತ್ತದೆ. ಅಂಗಡಿಗೆ ಕೊಡುವುದಾದರೆ ಹಾಳೆಗಳನ್ನು ತಾನೇ ಎಳೆದುಕೊಳ್ಳುವ ಯಂತ್ರಕ್ಕೆ ಹಾಕಕೂಡದೆಂದು ಎದುರಿಗೆ ನಿಂತೇ ಹೇಳಿ. ಎ4 ಅಳತೆಯ ಬಣ್ಣದ ಹಾಳೆ 300 ಬಿಂದುವಿನಲ್ಲಿ ಟಿಫ್ ಆಗಿ ಸುಮಾರು 26 ಎಂಬಿ. ಸಾವಿರ ಹಾಳೆಗೆ 26 ಜಿಬಿ. ಮೂಲ ಟಿಫ್‌ನಲ್ಲಿ, ಹಂಚಲು ಜೆಪೆಗ್‌ನಲ್ಲಿ ಇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದಾದರೂ ಬೇರೆ ಊರಿನಲ್ಲಿ. ಹೊರದೇಶದಲ್ಲಿರುವ ಮಗಳೋ ಅಳಿಯನೋ ಇದ್ದರೆ ಆ ಮೂರನೆಯ ಪ್ರತಿಗೆ ಅವರ ಮನೆ ಬಹಳ ಒಳ್ಳೆಯ ಜಾಗ.

ವಂಶಾವಳಿ

ನಾಡಕಚೇರಿಯ ವಂಶವೃಕ್ಷ ಪ್ರಮಾಣಪತ್ರ ಪೌತಿ ಖಾತೆಯಂಥ ಕೆಲಸಕ್ಕೆ. ಅದು ಮನೆತನದ ಚರಿತ್ರೆಯಲ್ಲ. ಗೋಡೆಯ ನಕ್ಷೆ ನೋಡಲು ಚೆಂದ, ಆದರೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಒಂದೇ ಹೆಸರಿನ ನಾಲ್ವರನ್ನು ಅದು ಬೇರ್ಪಡಿಸದು. ಪ್ರತಿಯೊಬ್ಬರಿಗೂ ನಂಬರು, ಪ್ರತಿ ಮಾಹಿತಿಗೂ ಯಾವ ಕಾಗದದಿಂದ ಬಂತೆಂಬ ಗುರುತು ಕೊಡಲು ಗ್ರಾಂಪ್ಸ್‌ನಂಥ ಉಚಿತ ತಂತ್ರಾಂಶ ಸಾಕು. ಬೇರೆ ವಂಶಾವಳಿ ತಂತ್ರಾಂಶಗಳೂ ಓದಬಲ್ಲ ಜೆಡ್‌ಕಾಮ್ ರೂಪದಲ್ಲಿ ಹೊರತೆಗೆಯಲು ಬರುವಂಥದ್ದನ್ನೇ ಆರಿಸಿ. ಫ್ಯಾಮಿಲಿಸರ್ಚ್ ಜಾಲತಾಣದ ವಂಶವೃಕ್ಷ ಎಲ್ಲರಿಗೂ ಸೇರಿದ್ದು, ನೀವು ಬರೆದದ್ದನ್ನು ಬೇರೆಯವರು ತಿದ್ದಬಹುದು. ಮೂಲ ಪ್ರತಿ ಮನೆಯಲ್ಲೇ ಇರಲಿ. ಹಳೆಯ ವಂಶಾವಳಿಗಳು ಬಿಟ್ಟ ಹೆಣ್ಣುಮಕ್ಕಳ ಹೆಸರುಗಳು ಅದೇ ಮುಯ್ಯಿ ಪಟ್ಟಿ, ಕಾರ್ಡುಗಳಲ್ಲಿ ಸಿಗುತ್ತವೆ. ಅಳಿಯಸಂತಾನದ ಮನೆಗಳು ತಾಯಿಯ ಸಾಲಿನಿಂದ, ಕವರು ಕವರಾಗಿ (ಒಬ್ಬ ತಾಯಿಯಿಂದ ಬಂದ ಕವಲು ಕವಲಾಗಿ) ಬರೆದುಕೊಳ್ಳಬೇಕು. ತಂದೆಯಿಂದ ಶುರುವಾಗುವ ಅಚ್ಚಿನ ನಕ್ಷೆಗೆ ಅದನ್ನು ತುರುಕಿದರೆ ಕುಟುಂಬವೇ ಒಡೆದಂತೆ ಕಾಣುತ್ತದೆ. ಮನೆತನಗಳ ವಂಶಾವಳಿ ಹೇಳುವ ಹೆಳವರು ಮನೆಗೆ ಬರುವ ಪದ್ಧತಿ ಇನ್ನೂ ಇದ್ದರೆ, ಅವರಿಗೆ ಸಲ್ಲುವ ಕಾಣಿಕೆ ಸಲ್ಲಿಸಿ, ಒಪ್ಪಿಗೆ ಕೇಳಿ, ಅವರು ಹೇಳುವುದನ್ನು ಪೂರ್ತಿ ಧ್ವನಿಮುದ್ರಿಸಿಕೊಳ್ಳಿ.

ಮನೆಯಲ್ಲಿಡುವುದೋ, ಸಂಸ್ಥೆಗೆ ಕೊಡುವುದೋ

ಮೊದಲು ಯಾವ ಸಂಸ್ಥೆಗೆ ಯಾವುದು ಎಂಬ ಗೊಂದಲ ಕಳೆಯಲಿ. 2003ರಲ್ಲಿ ಶುರುವಾದ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಹಸ್ತಪ್ರತಿಗೆ ಕನಿಷ್ಠ 75 ವರ್ಷದ ವಯಸ್ಸು ಹೇಳಿತ್ತು, ಫರ್ಮಾನು, ಕಂದಾಯ ದಾಖಲೆಗಳನ್ನು ಹಸ್ತಪ್ರತಿಯಿಂದ ಬೇರೆ ಮಾಡಿತ್ತು. ಅಂದರೆ ಶಾಸ್ತ್ರ, ಕಾವ್ಯ, ವೈದ್ಯದ ಓಲೆಗರಿ ಹಸ್ತಪ್ರತಿ ಭಂಡಾರಕ್ಕೆ ಸೇರಿದ್ದು. ಸನ್ನದು, ಲೆಕ್ಕ, ಪತ್ರವ್ಯವಹಾರ ಪತ್ರಾಗಾರಕ್ಕೆ ಸೇರಿದ್ದು.

ಹಸ್ತಪ್ರತಿಗಳಿಗೆ ಮೈಸೂರಿನಲ್ಲಿ 1891ರಿಂದ ಇರುವ ಪ್ರಾಚ್ಯವಿದ್ಯಾ ಸಂಶೋಧನಾಲಯ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳಿವೆ. ಮೈಸೂರಿನ ಆ ಭಂಡಾರಕ್ಕೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಂದುಕೊಟ್ಟ ಓಲೆಕಟ್ಟಿನಲ್ಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು. ಮನೆಯಲ್ಲಿ ಓದಲು ಬಾರದ ಲಿಪಿಯ ಕಟ್ಟು ಇದ್ದರೆ, ಗ್ರಂಥ, ತಿಗಳಾರಿ, ನಂದಿನಾಗರಿ ಲಿಪಿಗಳನ್ನು ಬಲ್ಲವರಿರುವ ಜಾಗಕ್ಕೆ ತೋರಿಸಿದಾಗಲೇ ಅದರ ಬೆಲೆ ತಿಳಿಯುತ್ತದೆ. ದಾಖಲೆಗಳಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇದೆ. ಮಲೆನಾಡಿನ ಮನೆಗಳಿಗೆ ಗುಂಡಾ ಜೋಯಿಸರು ಕಟ್ಟಿದ ಕೆಳದಿಯ ವಸ್ತುಸಂಗ್ರಹಾಲಯ ಹತ್ತಿರದ ಮಾದರಿ. ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ಕಿತ್ತೂರು ಕರ್ನಾಟಕದ ದಫ್ತರುಗಳು ಮೋಡಿ ಲಿಪಿಯಲ್ಲಿದ್ದರೆ ಕೊಡುವ ಮುನ್ನವೇ ‘ಮೋಡಿ ಓದುವವರು ನಿಮ್ಮಲ್ಲಿದ್ದಾರೆಯೇ’ ಎಂದು ಕೇಳಿ. ಪಟ್ಟಿಯಾಗದೆ ಮೂಲೆ ಸೇರಿದ ಕಟ್ಟು ಮನೆಯ ಅಟ್ಟದಲ್ಲಿದ್ದುದಕ್ಕಿಂತ ಸುರಕ್ಷಿತವೇನಲ್ಲ.

ಮೂರು ಬಗೆಯ ಒಪ್ಪಂದ ಸಾಧ್ಯ. ಸ್ಕ್ಯಾನ್ ಮಾತ್ರ ಕೊಟ್ಟು ಮೂಲ ಇಟ್ಟುಕೊಳ್ಳುವುದು, ಒಣ ಸೀಮೆಯಲ್ಲಿದ್ದು ನೋಡಿಕೊಳ್ಳುವ ಒಬ್ಬರಾದರೂ ಮನೆಯಲ್ಲಿದ್ದರೆ ಸರಿ. ಮಾಲೀಕತ್ವ ನಿಮ್ಮದಾಗಿಯೇ ಉಳಿಯುವ ಠೇವಣಿ, ಅಣ್ಣತಮ್ಮಂದಿರ ಒಮ್ಮತ ಇನ್ನೂ ಆಗಿಲ್ಲದ ಮನೆಗೆ. ಪೂರ್ತಿ ದಾನ, ಮುಂದಿನ ತಲೆಮಾರು ಊರಿಗೆ ಮರಳದೆಂದು ಖಚಿತವಾಗಿರುವ ಮನೆಗೆ. ಜಮೀನಿನ ವ್ಯಾಜ್ಯ ನಡೆಯುತ್ತಿದ್ದರೆ ಆ ಪತ್ರಗಳ ಮೂಲವನ್ನು ಈಗ ಕೊಡಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 92ನೇ ಕಲಮು 30 ವರ್ಷ ಹಳೆಯ ದಾಖಲೆಯ ಸಹಿ, ಬರಹ ಅಸಲಿ ಎಂದು ಭಾವಿಸಲು ನ್ಯಾಯಾಲಯಕ್ಕೆ ಅವಕಾಶ ಕೊಡುತ್ತದೆ, ಆದರೆ ಅದು ಇರಬೇಕಾದವರ ವಶದಿಂದಲೇ ಬಂದಿರಬೇಕು. ವಶ ಬದಲಾಗುವ ಮೊದಲು ವಕೀಲರನ್ನು ಕೇಳಿ.

ಕಾರ್ಡು ಬಂದದ್ದು ನಿಮ್ಮ ಮನೆಗೆ, ಕಾಗದ ನಿಮ್ಮದು. ಅದರಲ್ಲಿನ ಮಾತನ್ನು ಪ್ರಕಟಿಸುವ ಹಕ್ಕು ಬರೆದವರದು, ಅವರ ನಂತರ ಅವರ ವಾರಸುದಾರರದು. ಹಾಗಾಗಿ ದಾನಪತ್ರದಲ್ಲಿ ಯಾವ ಕಟ್ಟನ್ನು ಎಷ್ಟು ವರ್ಷ ಯಾರಿಗೂ ತೋರಿಸಕೂಡದು ಎಂದು ಬರೆಸಿ. ರೋಗ, ಸಾಲ, ದತ್ತು, ಮನೆಯ ಜಗಳಗಳ ಪತ್ರಗಳಿಗೆ 30 ವರ್ಷ ಕೇಳುವುದು ಅತಿಯಲ್ಲ. ಸಂಗ್ರಹವನ್ನು ಒಡೆದು ಹಂಚಕೂಡದು, ಬೇಡವಾದದ್ದನ್ನು ಎಸೆಯದೆ ಹಿಂದಿರುಗಿಸಬೇಕು, ಸ್ಕ್ಯಾನ್ ಪ್ರತಿ ಮನೆತನಕ್ಕೆ ಕೊಡಬೇಕು ಎಂಬ ಮೂರು ಷರತ್ತು ಬಿಡಬೇಡಿ. ಕಟ್ಟು ಬಿಚ್ಚುವ ಮೊದಲು ಕೊಟ್ಟ ನಂಬರುಗಳ ಪಟ್ಟಿಯನ್ನೇ ಅನುಬಂಧವಾಗಿ ಲಗತ್ತಿಸಿ, ಪ್ರತಿ ಪುಟಕ್ಕೂ ಎರಡೂ ಕಡೆಯವರು ಸಹಿ ಹಾಕಿ, ಒಂದು ಪ್ರತಿಯನ್ನು ಮನೆಯ ಉಳಿದ ಕಾಗದಗಳ ಜೊತೆ ಅದೇ ಡಬ್ಬದಲ್ಲಿ ಇಡಿ.